ಮುತ್ತಿನಕ್ಷರದ ವರ್ಗಾವಣೆ ಪತ್ರ

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುವ ಲಕ್ಷಣ ಕಾಣುತ್ತಿಲ್ಲವಾದ್ದರಿಂದ ಹೇಳಿಬಿಡುತ್ತೇನೆ: ನನ್ನ ಅಕ್ಷರ ಬಹಳ ಚೆನ್ನಾಗಿದೆ. ಮೂವತ್ತೊಂದು ವರ್ಷ ಶಾಲೆಯ ಗುಮಾಸ್ತನಾಗಿದ್ದವನು ನಾನು. ಟೈಪಿಂಗಿನಲ್ಲಿ ಸುಮಾರು, ಕಡತ ಹುಡುಕುವುದರಲ್ಲಿ ಅದಕ್ಕಿಂತ ಸುಮಾರು, ಮೇಲಧಿಕಾರಿ ಬಂದರೆ ಕುರ್ಚಿ ಬಿಟ್ಟು ಏಳುವುದರಲ್ಲಿ ಮಾತ್ರ ಎತ್ತಿದ ಕೈ. ಆದರೆ ಅಕ್ಷರ ಅಂದರೆ, ಅಬ್ಬಾ! ಅಂಗಡಿಯವರು ಬೋರ್ಡು ಬರೆಸುವ ಮೊದಲು ನನ್ನ ಹತ್ತಿರ ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ ಪೇಂಟರನಿಗೆ ತೋರಿಸುತ್ತಿದ್ದರು. ಜನ ನನ್ನ ಹೆಸರನ್ನೇ ಮರೆತು ‘ಮುತ್ತಿನಕ್ಷರ’ ಅಂತ ಕರೆಯುತ್ತಿದ್ದರು. ನನ್ನ ಹೆಂಡತಿ ಮಾತ್ರ ಅದನ್ನು ಸ್ವಲ್ಪ ಉದ್ದ ಮಾಡಿ, “ಅಕ್ಷರ ಮುತ್ತು, ತಲೆ ಖಾಲಿ ಚಿಪ್ಪು” ಅನ್ನುತ್ತಿದ್ದಳು. ಹೊಟ್ಟೆಕಿಚ್ಚು ಅಂತ ನಾನು ಸುಮ್ಮನಿದ್ದೆ.

ನಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಸೇರಿ ಮೂರು ಶಾಲೆಗಳು. ಮುಖ್ಯ ರಸ್ತೆಯ ಬದಿಗೆ ಎರಡು ಅಂತಸ್ತಿನ ದೊಡ್ಡ ಶಾಲೆ. ನನ್ನ ಕುರ್ಚಿ ಇದ್ದದ್ದು ಅಲ್ಲಿ. ಎರಡು ಮೈಲಿ ಆಚೆಗೆ ಬಸ್ ಶಾಲೆ; ಹಳದಿ ಬಸ್ಸು ಕಳಿಸಿ ಮಕ್ಕಳನ್ನು ಮನೆ ಬಾಗಿಲಿಂದಲೇ ಹತ್ತಿಸಿಕೊಂಡು ಹೋಗುತ್ತದೆ. ಮೂರನೆಯದು ಸರ್ಕಾರವೇ ನಡೆಸುವ ಬದಲಿ ಶಾಲೆ. ಬೇರೆ ಕಡೆ ನೆಲೆ ನಿಲ್ಲದ ಮಕ್ಕಳಿಗೆ ಅಂತ ಮಾಡಿದ್ದು. ದೊಡ್ಡ ಶಾಲೆಯ ಮೈದಾನ ದಾಟಿ, ಕಾಲುವೆಯ ಮೇಲಿನ ಹಲಗೆ ದಾಟಿದರೆ ಒಂದು ಹಳೆಯ ಗೊಬ್ಬರದ ಗೋದಾಮು ಸಿಗುತ್ತದೆ. ಅದಕ್ಕೆ ಕಿಟಕಿ ಕೊರೆಸಿ, ಸುಣ್ಣ ಬಳಿಸಿ, ಆರು ಕೋಣೆ ಮಾಡಿದ್ದಾರೆ. ಗಂಟೆ ಇಲ್ಲ, ದೊಡ್ಡ ಶಾಲೆಯ ಗಂಟೆ ಕೇಳಿಸಿಕೊಂಡೇ ಅವರ ಪಾಠ ನಡೆಯುತ್ತದೆ. ಸಮವಸ್ತ್ರವೂ ಇಲ್ಲ. ಜನರ ಬಾಯಲ್ಲಿ ಅದು ‘ಆಚೆ ಶಾಲೆ’. “ಸರಿಯಾಗಿ ಓದು, ಇಲ್ಲಾಂದ್ರೆ ಆಚೆ ಶಾಲೆಗೆ ಹಾಕ್ತೀನಿ” ಅನ್ನದ ಅಪ್ಪ ನಮ್ಮ ಕಡೆ ಒಬ್ಬನೂ ಇರಲಿಲ್ಲ, ನನ್ನನ್ನೂ ಸೇರಿಸಿ.

ದೊಡ್ಡ ಶಾಲೆಯಿಂದ ಯಾವ ಮಗು ಬಿಟ್ಟು ಹೋದರೂ ಅದರ ವರ್ಗಾವಣೆ ಪತ್ರ, ಅಂದರೆ ಟಿಸಿ, ಬರೆಯುವವನು ನಾನೇ. ಎರಡು ಪ್ರತಿ: ಒಂದು ಹೊಸ ಶಾಲೆಗೆ, ಇನ್ನೊಂದು ಮನೆಗೆ. ಅದರಲ್ಲಿ ‘ಶಾಲೆ ಬಿಡಲು ಕಾರಣ’ ಮತ್ತು ‘ನಡತೆ’ ಅಂತ ಎರಡು ಖಾನೆ. ಬಸ್ ಶಾಲೆಗೆ ಹೋಗುವವರಿಗೆ ‘ಪಾಲಕರ ಕೋರಿಕೆ, ನಡತೆ ಉತ್ತಮ’ ಅಂತ ಬರೆಯುತ್ತಿದ್ದೆ. ಆಚೆ ಶಾಲೆಗೆ ಹೋಗುವವರಿಗೆ ‘ಪದೇ ಪದೇ ಅನುತ್ತೀರ್ಣ, ನಡತೆ ತೃಪ್ತಿಕರವಲ್ಲ’. ಪ್ರತಿ ವರ್ಷ ಅದೇ, ಪ್ರತಿ ಮಗುವಿಗೂ ಅದೇ. ಹಾಗಿರುವಾಗ ಮಗು ಬರುವವರೆಗೆ ಕಾಯುವುದು ಯಾಕೆ? ವಾರ್ಷಿಕ ರಜೆಯಲ್ಲಿ ಕಚೇರಿಯಲ್ಲಿ ನೊಣ ಹೊಡೆಯುತ್ತ ಕೂರುವ ಬದಲು ನಾನು ಕಿಟಕಿ ಪಕ್ಕ ಕೂತು, ನಿಬ್ಬು ತೊಳೆದು, ಎರಡೂ ಖಾನೆಗಳನ್ನು ಮೊದಲೇ ತುಂಬಿ ಇಟ್ಟುಕೊಳ್ಳುತ್ತಿದ್ದೆ. ಮಗು ಬಂದ ದಿನ ಹೆಸರು, ಹುಟ್ಟಿದ ದಿನ ಬರೆದರೆ ಮುಗಿಯಿತು. ಹೆಡ್ ಮಾಸ್ತರು ಓದದೆ ಸಹಿ ಹಾಕುತ್ತಿದ್ದರು. “ನಿಮ್ಮ ಅಕ್ಷರ ನೋಡಿದ್ಮೇಲೆ ಓದೋದೇನಿದೆ ರೀ” ಅನ್ನುತ್ತಿದ್ದರು. ನಾನು ಅದನ್ನು ಹೊಗಳಿಕೆ ಅಂದುಕೊಂಡು ಮನೆಗೆ ಹೋಗಿ ಎರಡು ಸಲ ಹೇಳುತ್ತಿದ್ದೆ.

ನಿವೃತ್ತಿಗೆ ಒಂದು ವರ್ಷ ಇದೆ ಅನ್ನುವಾಗ ನನಗೇ ವರ್ಗಾವಣೆಯಾಯಿತು. ದೊಡ್ಡ ಶಾಲೆಗೆ ಕಂಪ್ಯೂಟರ್ ಬಲ್ಲ ಹೊಸ ಗುಮಾಸ್ತೆ ಬಂದಳು. ನಾನು ಆಚೆ ಶಾಲೆಗೆ. ಒಂದು ವಾರ ನಾನು ಬೀದಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ. ಯಾರಾದರೂ ಕೇಳಿದರೆ “ಅಲ್ಲಿಯ ಕಡತ ಎಲ್ಲ ಹದಗೆಟ್ಟಿದೆಯಂತೆ, ಸರಿ ಮಾಡೋಕೆ ನನ್ನನ್ನೇ ಆರಿಸಿದಾರೆ” ಅನ್ನುತ್ತಿದ್ದೆ. ಕೇಳಿದವರು ಪಾಪ ನಗು ತಡೆದುಕೊಂಡು ತಲೆ ಆಡಿಸುತ್ತಿದ್ದರು.

ಆಚೆ ಶಾಲೆಯ ಮುಖ್ಯಸ್ಥೆಯನ್ನು ಮಕ್ಕಳೂ ಮೇಷ್ಟರುಗಳೂ ‘ದೊಡ್ಡಕ್ಕ’ ಅನ್ನುತ್ತಾರೆ. ಬೆಳ್ಳಗಾದ ಕೂದಲು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಮಾತು ಕಡಿಮೆ. ನಾನು ಹೋದ ದಿನ ನನ್ನನ್ನು ಕುರ್ಚಿಯಲ್ಲಲ್ಲ, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ನನ್ನ ಆದೇಶವನ್ನು ತೆಗೆದುಕೊಂಡು ಓದದೆ ಮಗುಚಿ ಮೇಜಿನ ಮೇಲಿಟ್ಟರು. ಆಮೇಲೆ ಅರ್ಧ ಹಾಳೆ, ಒಂದು ಪೆನ್ಸಿಲ್ ಕೊಟ್ಟರು.

“ಇಲ್ಲಿಗ್ಯಾಕೆ ಬಂದ್ರಿ ಅಂತ ನಿಮ್ಮ ಮಾತಲ್ಲಿ ಬರೀರಿ.”

“ಆದೇಶದಲ್ಲೇ ಇದೆಯಲ್ಲ ಮೇಡಂ?”

“ಅದು ಅವ್ರ ಮಾತು. ಇಲ್ಲಿ ಹೊಸದಾಗಿ ಬಂದೋರೆಲ್ಲ ಇದನ್ನ ಬರೀಬೇಕು. ಮಕ್ಕಳೂ ಅಷ್ಟೇ, ನಾನೂ ಅಷ್ಟೇ.”

ಅದು ಅವರ ಪದ್ಧತಿ. ಬೇರೆ ಶಾಲೆಯಿಂದ ಬಂದ ಟಿಸಿಯನ್ನು ಅಲ್ಲಿ ಯಾರೂ ಓದುವುದಿಲ್ಲ. ಲಕೋಟೆಯಲ್ಲಿಟ್ಟು ಅಂಟಿಸಿ, ಮಗು ಬರೆದ ಅರ್ಧ ಹಾಳೆಯನ್ನು ಅದರ ಮೇಲೆ ಪಿನ್ನು ಮಾಡಿ ಕಪಾಟಿಗೆ ಸೇರಿಸುತ್ತಾರೆ. ಮಗುವಿನ ಬಗ್ಗೆ ಮಗು ಹೇಳಿದ್ದೇ ಮೊದಲ ಮಾತು. ಮೂವತ್ತು ವರ್ಷ ನಾನು ಬೆವರು ಸುರಿಸಿ ಬರೆದದ್ದನ್ನು ಒಬ್ಬರೂ ಓದಿಲ್ಲ ಅಂತ ತಿಳಿದಾಗ ನನಗೆ ಸಿಟ್ಟು ಬಂದು ಕಿವಿ ಬಿಸಿಯಾಯಿತು. ಅರ್ಧ ಹಾಳೆಯ ಮೇಲೆ ‘ಆಡಳಿತದ ಅನುಕೂಲಕ್ಕಾಗಿ’ ಅಂತ ಬಹಳ ಚಂದವಾಗಿ ಬರೆದು ಕೊಟ್ಟೆ. ಬಾಗಿಲಲ್ಲಿ ಇಣುಕುತ್ತಿದ್ದ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು.

ಆ ಹುಡುಗಿಯನ್ನು ಎಲ್ಲರೂ ‘ನರ್ಸಮ್ಮ’ ಅನ್ನುತ್ತಿದ್ದರು. ಯಾರ ಮೊಣಕಾಲು ತರಚಿದರೂ ತೊಳೆದು ಪಟ್ಟಿ ಕಟ್ಟುವವಳು ಅವಳೇ. ನನಗೆ ಎರಡನೇ ವಾರದಲ್ಲೇ ಸ್ಟೇಪ್ಲರ್ ಹೆಬ್ಬೆರಳಿಗೆ ಹೊಡೆದುಕೊಂಡು ಅವಳ ಕೈಗೆ ಬೀಳುವ ಭಾಗ್ಯ ಬಂತು. “ಸರ್, ಕಣ್ಣು ಮುಚ್ಕೊಳ್ಳಿ, ಏನೂ ಆಗಲ್ಲ” ಅಂದಳು. ನಾನು ಆಗಲೇ ಮುಚ್ಚಿಕೊಂಡಿದ್ದೆ. ಅವಳ ತಾಯಿ ಹಣ್ಣು ತುಂಬುವ ಶೆಡ್ಡಿನಲ್ಲಿ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮನೆಯಲ್ಲಿ ಬೇರೆ ಯಾರೂ ಇಲ್ಲ. ನಾಲ್ಕು ತಿಂಗಳು ಹುಡುಗಿ ಶಾಲೆಗೆ ಬರಲಿಲ್ಲವಂತೆ, ದೊಡ್ಡ ಶಾಲೆಯವರು ಹೆಸರು ಹೊಡೆದು ಹಾಕಿದರಂತೆ. ಆಚೆ ಶಾಲೆಯಲ್ಲಿ ಅರ್ಧ ದಿನ ಪಾಠ, ಅರ್ಧ ದಿನ ತಾಯಿ ಅಂತ ಎರಡು ವರ್ಷ ಓದಿದಳು. ನಾನು ಬಂದ ವರ್ಷದ ಕೊನೆಯಲ್ಲಿ ಪರೀಕ್ಷೆ ಬರೆದು ಒಳ್ಳೆಯ ಅಂಕ ತೆಗೆದಳು. ನಗರದ ಆಸ್ಪತ್ರೆಯ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದಾಗ ಶಾಲೆಗೆ ಶಾಲೆಯೇ ಸಂಭ್ರಮಪಟ್ಟಿತು. ಅವರು ಹಳೆಯ ಶಾಲೆಯ ಟಿಸಿಯನ್ನೂ ಕೇಳಿದ್ದರಿಂದ ದೊಡ್ಡಕ್ಕ ಲಕೋಟೆಯನ್ನು ಒಡೆಯದೆ ಹಾಗೆಯೇ ಕಳಿಸಿಕೊಟ್ಟರು. ಒಳಗೇನಿದ್ದೀತು ಅಂತ ಆ ಸಂಭ್ರಮದಲ್ಲಿ ನನಗೂ ಹೊಳೆಯಲಿಲ್ಲ.

ಹನ್ನೆರಡು ದಿನಕ್ಕೆ ಲಕೋಟೆ ವಾಪಸು ಬಂತು, ಜೊತೆಗೆ ಆಸ್ಪತ್ರೆಯವರ ಪತ್ರ: ‘ಇಂಥ ನಡತೆಯ ಅಭ್ಯರ್ಥಿಯನ್ನು ರೋಗಿಗಳ ಬಳಿ ಬಿಡಲಾಗದು. ಹಳೆಯ ಶಾಲೆಯಿಂದ ತಿದ್ದಿದ ಪತ್ರ ಹತ್ತು ದಿನದಲ್ಲಿ ಬಾರದಿದ್ದರೆ ಸ್ಥಾನ ಬೇರೆಯವರಿಗೆ.’

ದೊಡ್ಡಕ್ಕ ಟಿಸಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ದೂರದಿಂದಲೇ ಅಕ್ಷರ ನೋಡಿ, ದೇವರಾಣೆ ಹೇಳುತ್ತೇನೆ, ಮೊದಲು ನನಗೆ ಖುಷಿಯಾಯಿತು. ‘ತೃಪ್ತಿಕರ’ದ ಒತ್ತು ಎಷ್ಟು ಸೊಗಸಾಗಿ ಕೂತಿದೆ ಅಂದುಕೊಂಡೆ. ಆಮೇಲೆ ಮೇಲಿನ ಸಾಲಿನಲ್ಲಿದ್ದ ಹೆಸರು ಓದಿದೆ.

“ಇವಳು ಅಲ್ಲಿ ತರಗತಿಗೆ ಎರಡನೆಯವಳಾಗಿದ್ಲು,” ಅಂದರು ದೊಡ್ಡಕ್ಕ. “ಪದೇ ಪದೇ ಅನುತ್ತೀರ್ಣ ಅಂತ ಬರೆದಿರೋರು ಯಾರು?”

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಹತ್ತು ಹಳ್ಳಿಗೆ ಗೊತ್ತಿರುವ ಅಕ್ಷರ! “ನಾನೇ,” ಅಂದೆ. “ರಜೇಲಿ ಬರೆದಿಟ್ಟಿದ್ದೆ.”

“ರಜೇಲಿ? ಇವಳು ಬಿಡೋಕೆ ಮುಂಚೇನೇ?”

“ಹ್ಞೂಂ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. “ತಪ್ಪು ನಂದೂ ಇದೆ,” ಅಂದರು. “ಓದಬಾರದು ಅಂತ ಅಂಟಿಸಿಟ್ಟೆ. ಎರಡು ವರ್ಷದ ಹಿಂದೆನೇ ಓದಿದ್ರೆ ಆವತ್ತೇ ಜಗಳ ಆಡ್ತಿದ್ದೆ. ಈಗ ನೀವು ಹೋಗಿ ಸರಿ ಮಾಡಿಸ್ಕೊಂಡು ಬನ್ನಿ.”

ಮೈದಾನ ದಾಟಿ ದೊಡ್ಡ ಶಾಲೆಗೆ ಹೋದೆ. ಹೆಡ್ ಮಾಸ್ತರು ಚಹಾ ತರಿಸಿದರು, ಹಳೆಯ ದಿನ ನೆನೆದರು, ವಿಷಯ ಹೇಳಿದ ಮೇಲೆ ಕಪ್ಪು ಕೆಳಗಿಟ್ಟರು.

“ಒಂದು ತಪ್ಪು ಅಂದ್ರೆ ಎಲ್ಲಾನೂ ತಪ್ಪು ಅಂದ ಹಾಗಾಗುತ್ತೆ ಕಣ್ರೀ. ನನ್ನ ಸಹಿ ಇದೆ ಅದರಲ್ಲಿ. ನೀವು ಒಂದು ಹೇಳಿಕೆ ಬರೆದುಕೊಡಿ, ‘ಮಗುವನ್ನು ನೋಡದೆ, ವಿಚಾರಿಸದೆ, ನಾನೇ ಬರೆದೆ’ ಅಂತ. ಅದು ನಿಮ್ಮ ಸೇವಾ ಪುಸ್ತಕಕ್ಕೆ ಹೋಗುತ್ತೆ. ಆಮೇಲೆ ಹೊಸ ಟಿಸಿ ಕೊಡ್ತೀನಿ. ಹಾಂ, ಮನೆಯವರ ಪ್ರತೀನೂ ವಾಪಸು ತರಬೇಕು. ಎರಡು ಥರ ಊರಲ್ಲಿ ಓಡಾಡಬಾರದು.”

ಸೇವಾ ಪುಸ್ತಕ! ಮೂವತ್ತೊಂದು ವರ್ಷ ಒಂದು ಕೆಂಪು ಗೆರೆ ಇಲ್ಲದ ಪುಸ್ತಕ ಅದು. ನಿವೃತ್ತಿಗೆ ಇರುವುದು ಮೂರು ವಾರ. “ಯೋಚನೆ ಮಾಡಿ ಹೇಳ್ತೀನಿ ಸರ್” ಅಂದೆ. ಹುಡುಗಿಗೆ ಹತ್ತೇ ದಿನ ಇರುವಾಗ, ಯೋಚನೆ ಮಾಡಲು ಹೊರಟ ಮಹಾನುಭಾವ!

ಯೋಚನೆ ಮಾಡುತ್ತ ನಾಲ್ಕು ದಿನ ಕಳೆದೆ. ಐದನೆಯ ದಿನ ಸಂಜೆ ಹೆಂಡತಿಗೆ ಹೇಳಿದೆ. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ದೊಡ್ಡ ಶಾಲೆಯ ನೀಲಿ, ಬಸ್ ಶಾಲೆಯ ಚೌಕಳಿ, ಎರಡೂ ಅವಳ ಕೈಯಲ್ಲೇ ಆಗುವುದು. ಆಚೆ ಶಾಲೆಗೆ ಹೋಗುವ ಮಕ್ಕಳು ಹಳೆಯ ನೀಲಿ ಅಂಗಿ ತಂದು, ಜೇಬಿನ ಮೇಲಿನ ಶಾಲೆಯ ಗುರುತು ಬಿಚ್ಚಿಸಿಕೊಂಡು ಹೋಗುತ್ತಾರೆ. ಆ ಜಾಗದಲ್ಲಿ ಬಟ್ಟೆ ಕಡುನೀಲಿಯಾಗಿಯೇ ಉಳಿಯುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಆವತ್ತೂ ಅಂಥದೊಂದು ಅಂಗಿಯ ದಾರ ಕೀಳುತ್ತಿದ್ದಳು. ಎಲ್ಲ ಕೇಳಿ, ಬ್ಲೇಡು ಕೆಳಗಿಟ್ಟಳು.

“ಅಲ್ಲಾ ರೀ, ನಾನು ಇಪ್ಪತ್ತೈದು ವರ್ಷದಲ್ಲಿ ಅಳತೆ ತಗೊಳ್ದೆ ಒಂದು ಅಂಗಿ ಹೊಲಿದಿಲ್ಲ. ನೀವು ಮುಖ ನೋಡ್ದೆ ನಡತೆ ಬರೆದ್ರಾ?”

“ಎಲ್ಲರಿಗೂ ಅದೇ ಇರುತ್ತಿತ್ತು ಕಣೇ...”

“ಎಲ್ಲರಿಗೂ ಒಂದೇ ಅಳತೆ ಹೊಲಿದ್ರೆ ನನ್ನ ಅಂಗಡೀಗೆ ಕಲ್ಲು ಹೊಡೀತಿದ್ರು. ನಿಮಗೆ ಮುತ್ತಿನಕ್ಷರ ಅಂತ ಹೆಸರು ಕೊಟ್ರು.”

ಅವಳು ಮತ್ತೆ ಬ್ಲೇಡು ಎತ್ತಿಕೊಂಡಳು. “ನಾಳೆ ಬೆಳಗ್ಗೆ ಆ ಹುಡುಗಿ ಮನೆಗೆ ಹೋಗಿ ಬನ್ನಿ. ನೀಲಿ ಅಂಗಿ ಬೇಡ, ಬಿಳೀದು ಹಾಕ್ಕೊಳ್ಳಿ, ಕಾಲರ್ ಸರಿಯಾಗಿದೆ” ಅಂದಳು.

ಮಾರನೆಯ ದಿನ ಬೆಳಗ್ಗೆ ನರ್ಸಮ್ಮನ ಜೊತೆ ಅವಳ ಮನೆಗೆ ಹೊರಟೆ. ಕಾಲುವೆ ಏರಿಯ ಮೇಲೆ ಅರ್ಧ ತಾಸಿನ ನಡಿಗೆ. ಅವಳು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಕೇಳಬಾರದು ಅಂದುಕೊಂಡಿದ್ದನ್ನು ಕೇಳಿಯೇ ಬಿಟ್ಟೆ.

“ಅವತ್ತೇ ಯಾಕಮ್ಮ ಹೇಳಲಿಲ್ಲ, ಇದು ಸುಳ್ಳು ಅಂತ?”

ಅವಳು ತಿರುಗಿ ನೋಡದೆ ಹೇಳಿದಳು: “ಅಕ್ಷರ ಅಷ್ಟು ಚೆನ್ನಾಗಿತ್ತಲ್ಲ ಸರ್. ಇಷ್ಟು ಚೆನ್ನಾಗಿ ಬರೆದಿರೋರು ಯೋಚನೆ ಮಾಡೇ ಬರೆದಿರ್ತಾರೆ ಅಂದ್ಕೊಂಡೆ. ನನ್ನಲ್ಲೇ ಏನೋ ಇರಬೇಕು ಅಂತ.”

ನನಗೆ ನಾಚಿಕೆಯಾಯಿತು. ಜೀವನದಲ್ಲಿ ನಾಚಿಕೆಯಾಗಬೇಕಾದ ಕಡೆಯೆಲ್ಲ ತಪ್ಪಿಸಿಕೊಂಡು ಬಂದವನಿಗೆ, ಕಾಲುವೆ ಏರಿಯ ಮೇಲೆ, ಬಿಳಿ ಅಂಗಿಯಲ್ಲಿ, ಎಲ್ಲ ಒಟ್ಟಿಗೆ ಆಯಿತು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. “ಸುಸ್ತಾಯ್ತಾ ಸರ್? ತಲೆ ಬಗ್ಗಿಸಿ ಉಸಿರು ತಗೊಳ್ಳಿ” ಅಂತ ಅವಳು ನನ್ನ ನಾಡಿ ಹಿಡಿದು ನೋಡಿದಳು. ಸುಸ್ತು ಅಂತಲೇ ಹೇಳಿದೆ.

ಒಂದೇ ಕೋಣೆಯ ಮನೆ. ಕಿಟಕಿಯ ಪಕ್ಕ ಮಂಚ, ಮಂಚದ ಮೇಲೆ ದಿಂಬಿಗೊರಗಿ ತಾಯಿ. ಕೈಗೆ ಎಟಕುವಂತೆ ನೀರಿನ ಚೊಂಬು, ಮಾತ್ರೆ ಡಬ್ಬಿ, ಕರೆಯಲಿಕ್ಕೆ ಒಂದು ಸೈಕಲ್ ಬೆಲ್ಲು. ಎದುರು ಗೋಡೆ ನೋಡಿದೆ. ಅಲ್ಲಿ, ಗಾಜು ಹಾಕಿದ ಚೌಕಟ್ಟಿನೊಳಗೆ, ನಾನು ಬರೆದ ಟಿಸಿ ತೂಗುತ್ತಿತ್ತು.

“ಮುತ್ತಿನಕ್ಷರದ ಸಾಹೇಬ್ರು ಇವ್ರೇನಾ?” ತಾಯಿಯ ಮುಖ ಅರಳಿತು. “ಕೂತ್ಕೊಳ್ಳಿ ಸ್ವಾಮಿ. ನನಗೆ ಓದೋಕೆ ಬರಲ್ಲ. ಆದ್ರೂ ನೋಡಿದ ಕೂಡ್ಲೇ ಗೊತ್ತಾಯ್ತು, ಇಷ್ಟು ಅಂದವಾಗಿ ಬರೆದಿದಾರೆ ಅಂದ್ರೆ ನನ್ನ ಮಗಳ ಬಗ್ಗೆ ಒಳ್ಳೇದೇ ಬರೆದಿರ್ತಾರೆ ಅಂತ. ಚೌಕಟ್ಟು ಹಾಕಿಸಿದ್ದು ನಾನೇ. ಇವಳು ಬೇಡ ಬೇಡ ಅಂದ್ಲು.”

ನಾನು ಹುಡುಗಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

“ಮಲಗಿದ್ದಲ್ಲೇ ದಿನಾ ನೋಡ್ತೀನಿ. ಇವಳು ಓದಿ ಹೇಳಿದ್ದು ಬಾಯಿಪಾಠ ಆಗಿದೆ. ಹೇಳ್ತೀನಿ ಕೇಳಿ, ಸರಿಯಾಗಿದೆಯಾ ನೀವೇ ಹೇಳಿ.” ಆಕೆ ಗೋಡೆಯ ಮೇಲೆ ಕಣ್ಣಿಟ್ಟು, ಕ್ಲಾಸಿನಲ್ಲಿ ಪದ್ಯ ಒಪ್ಪಿಸುವ ಮಗುವಿನ ಹಾಗೆ ಹೇಳಿದಳು: “ಕಾರಣ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು. ನಡತೆ, ಬಹಳ ಒಳ್ಳೆಯದು.” ಆಮೇಲೆ ನನ್ನ ಕಡೆ ತಿರುಗಿದಳು. “ಹಾಗೇ ಇದೆ ತಾನೇ ಸ್ವಾಮಿ?”

ಹುಡುಗಿ ತಲೆ ಎತ್ತಿ ನನ್ನನ್ನೇ ನೋಡಿದಳು. ಎರಡು ವರ್ಷ ದಿನವೂ ಆ ಗೋಡೆಯ ಕೆಳಗೆ ಊಟ ಮಾಡಿ, ಓದಿ, ಮಲಗಿದ್ದವಳು.

“ಹಾಗೇ ಇದೆ ತಾಯಿ,” ಅಂದೆ. “ಒಂದಕ್ಷರ ಹೆಚ್ಚು ಕಡಿಮೆ ಇಲ್ಲ. ಆದ್ರೆ ಒಂದು ಸಲ ಕಚೇರೀಗೆ ತಗೊಂಡು ಹೋಗ್ಬೇಕು. ನಗರದವ್ರಿಗೆ ಹೊಸ ಮೊಹರು ಬೇಕಂತೆ. ನಾಡಿದ್ದು ನಾನೇ ತಂದು ಗೋಡೆಗೆ ಹಾಕ್ತೀನಿ.”

ಚೌಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ನೇರ ದೊಡ್ಡ ಶಾಲೆಗೆ ನಡೆದೆ. ಹೇಳಿಕೆ ಬರೆಯಲು ಐದು ನಿಮಿಷವೂ ಹಿಡಿಯಲಿಲ್ಲ. ‘ಮಗುವನ್ನು ನೋಡದೆ, ವಿಚಾರಿಸದೆ, ನಾನೇ ಬರೆದೆ.’ ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಮೊದಲ ಸತ್ಯವಾದ ವಾಕ್ಯ ಅದೇ ಇರಬೇಕು. ಹೆಡ್ ಮಾಸ್ತರು ಈ ಸಲ ಪೂರ್ತಿ ಓದಿದರು. ಓದಿ, “ಹೊಸ ಫಾರಂ ಕೊಡಮ್ಮ” ಅಂದರು.

ಹೊಸ ಗುಮಾಸ್ತೆ ಡ್ರಾಯರಿನಿಂದ ಒಂದು ಫಾರಂ ತೆಗೆದು ನನ್ನ ಮುಂದಿಟ್ಟಳು. ಅದರಲ್ಲಿ ಎರಡು ಖಾನೆ ಆಗಲೇ ತುಂಬಿತ್ತು. ‘ಪದೇ ಪದೇ ಅನುತ್ತೀರ್ಣ; ನಡತೆ ತೃಪ್ತಿಕರವಲ್ಲ.’

“ಇದಿನ್ನೂ ಇಟ್ಕೊಂಡಿದೀರಾ?” ಅಂದೆ.

“ನಿಮ್ಮ ಅಕ್ಷರ ಅಲ್ವಾ ಸರ್, ಹರಿದು ಹಾಕೋಕೆ ಮನಸ್ಸಾಗ್ಲಿಲ್ಲ. ಹದಿನೈದು ಜೊತೆ ಇತ್ತು. ಈ ವರ್ಷ ನಾಲ್ಕು ಜೊತೆ ಖರ್ಚಾಯ್ತು.”

ಆ ನಾಲ್ಕೂ ಮಕ್ಕಳು ನನಗೆ ಗೊತ್ತು. ಗೋದಾಮಿನ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿ ಅರ್ಧ ಹಾಳೆ ಕೊಟ್ಟವನು ನಾನೇ, ಲಕೋಟೆಗೆ ಅಂಟು ಹಚ್ಚಿದವನೂ ನಾನೇ. ಉಳಿದ ಹನ್ನೊಂದು ಜೊತೆಯನ್ನೂ ಕೇಳಿ ತೆಗೆದುಕೊಂಡು, ಅವಳ ಎದುರಿಗೇ ಹರಿದೆ. ಅವಳು “ಅಯ್ಯೋ” ಅಂದಳು. ಆ ನಾಲ್ಕಕ್ಕೂ ನಾನು ಮತ್ತೆ ಬರುತ್ತೇನೆ, ಹೇಳಿಕೆಯ ಕಾಗದ ಸಾಕಷ್ಟು ಇಟ್ಟುಕೊಂಡಿರಿ ಅಂತ ಹೆಡ್ ಮಾಸ್ತರಿಗೆ ಹೇಳಿದೆ. ಅವರು ಚಹಾ ತರಿಸಲಿಲ್ಲ.

ಖಾಲಿ ಫಾರಂ ಬಂತು. ನರ್ಸಮ್ಮನನ್ನು ಕರೆಸಿ ಎದುರಿಗೆ ಕೂರಿಸಿಕೊಂಡೆ. ಹಾಗೆ ಮಾಡಿದ್ದು ಅದೇ ಮೊದಲು. ಏನು ಬರೆಯಬೇಕು ಅಂತ ಯಾರನ್ನೂ ಕೇಳುವಂತಿರಲಿಲ್ಲ, ಅವಳ ತಾಯಿ ಒಪ್ಪಿಸಿದ್ದು ಕಿವಿಯಲ್ಲಿತ್ತು. ಎರಡು ಪ್ರತಿ ಬರೆದೆ. ಒಂದೊಂದು ಪದಕ್ಕೂ ತಲೆ ಎತ್ತಿ ಅವಳ ಮುಖ ನೋಡುತ್ತಿದ್ದೆ, ‘ಹಾಸಿಗೆ’ಯ ಹತ್ತಿರ ಶಾಯಿ ಸ್ವಲ್ಪ ಹರಡಿತು, ಕೊನೆಯ ಸಾಲು ಕುಂಟಿಕೊಂಡು ಕೆಳಗಿಳಿಯಿತು. ಮುಖ ನೋಡಿಕೊಂಡು ಬರೆಯುವುದು ಇಷ್ಟು ಕಷ್ಟ ಅಂತ ನನಗೆ ಯಾರೂ ಹೇಳಿರಲಿಲ್ಲ.

ಒಂದು ಪ್ರತಿ ಹಿಡಿದು ಅವಳು ಮಾರನೆಯ ದಿನ ಮೊದಲ ಬಸ್ಸಿಗೆ ನಗರಕ್ಕೆ ಹೋದಳು, ಮಧ್ಯಾಹ್ನ ದೊಡ್ಡಕ್ಕನಿಗೆ ಫೋನು ಬಂತು: ಸೇರಿಸಿಕೊಂಡರಂತೆ. ತರಬೇತಿ ಶುರುವಾದ ಮೇಲೆ ತಾಯಿಯನ್ನೂ ಅಲ್ಲೇ ಆಸ್ಪತ್ರೆಯ ಹತ್ತಿರದ ಕೋಣೆಗೆ ಕರೆದುಕೊಂಡು ಹೋಗುವ ಏರ್ಪಾಡನ್ನು ದೊಡ್ಡಕ್ಕ ಮಾಡಿದ್ದರು. ಆ ಸಂಜೆ ನಾನು ಕಪಾಟು ತೆಗೆದು, ನನ್ನ ಅರ್ಧ ಹಾಳೆಯ ಮೇಲಿದ್ದ ‘ಆಡಳಿತದ ಅನುಕೂಲ’ವನ್ನು ರಬ್ಬರಿನಿಂದ ಅಳಿಸಿದೆ. ಬದಲಿಗೆ ಏನು ಬರೆದೆ ಅನ್ನುವುದು ನನಗೂ ಆ ಕಪಾಟಿಗೂ ಬಿಟ್ಟ ವಿಷಯ.

ಇನ್ನೊಂದು ಪ್ರತಿಯನ್ನು ಚೌಕಟ್ಟಿಗೆ ಹಾಕಿಸಿ, ಗಾಜು ಒರೆಸಿ, ಹೇಳಿದ ದಿನವೇ ತಾಯಿಯ ಮನೆಗೆ ತೆಗೆದುಕೊಂಡು ಹೋದೆ. ಅದೇ ಮೊಳೆಗೆ ತೂಗುಹಾಕಿದೆ. ಈಗ ಯಾರು ಬೇಕಾದರೂ ಬಂದು ಓದಲಿ, ಆಕೆ ಒಪ್ಪಿಸುವ ಮಾತಿಗೂ ಗೋಡೆಯ ಮಾತಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಒಂದು ಒಳ್ಳೆಯ ಮಾತಿಗಾಗಿ ಕಾಯುತ್ತ ಮಂಚದ ಪಕ್ಕ ನಿಂತೆ.

ತಾಯಿ ದಿಂಬಿನಿಂದ ಸ್ವಲ್ಪ ಮೇಲೆದ್ದು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದಳು.

“ಬೇಜಾರು ಮಾಡ್ಕೋಬೇಡಿ ಸ್ವಾಮಿ,” ಅಂದಳು. “ಮೊದಲಿನ ಅಕ್ಷರಾನೇ ಚೆನ್ನಾಗಿತ್ತು.”